ಕೆರ ಕಳಚಿದ ಜಾಗ



ಕಾಲಿಗೆ ಮೆಟ್ಟುವ ವಸ್ತುವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ಕೆಲವರಿಗೆ ಅಷ್ಟೇನೂ ಗೌರವದ ಸಂಗತಿಯಾಗಿ ತೋರದಿರಬಹುದು. ನಮ್ಮ ಭಾಷೆಯೇ ಇದಕ್ಕೆ ತಕ್ಕ ಏರ್ಪಾಡು ಮಾಡಿಟ್ಟಿದೆ. ದೇವರದೋ ಗುರುವಿನದೋ ಆದರೆ ಅದು ಪಾದುಕೆ. ಭರತನು ಸಿಂಹಾಸನದ ಮೇಲಿಟ್ಟು ಪೂಜಿಸಿದ್ದು ಅದನ್ನೇ. ಶರಣರ ಕಥೆಗಳಲ್ಲಿ ಅದು ಚಮ್ಮಾವುಗೆ. ನಮ್ಮ ನಿಮ್ಮ ಕಾಲಿನದಾದರೆ ಮೆಟ್ಟು, ಎಕ್ಕಡ, ಜೋಡು, ಚಪ್ಪಲಿ, ಕೆರ. ಇವುಗಳಲ್ಲಿ ಕೆರ ಎಂಬುದು ಅಚ್ಚ ದ್ರಾವಿಡ ಶಬ್ದ. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು, ನಮ್ಮ ಕೆರ ಮೂರೂ ಒಂದೇ ಬೇರಿನಿಂದ ಚಿಗುರಿದವು. ಅವರಲ್ಲಿ ಚಕಾರವಾದದ್ದು ನಮ್ಮಲ್ಲಿ ಕಕಾರವಾಗಿಯೇ ಉಳಿಯಿತು. ಅವರ ಚೆವಿ ನಮ್ಮ ಕಿವಿಯಾಗಿರುವಂತೆ. ಇಷ್ಟು ಹಿರಿಯ ಮಾತು ಇಂದು ಬೈಗುಳದಲ್ಲಿ ಮಾತ್ರ ಬಾಯಿಗೆ ಬರುತ್ತದೆ. ಅದನ್ನು ತುಸು ತೊಳೆದು ಹೊಸಿಲ ಒಳಗೆ ತರೋಣವೆಂಬುದು ಇಂದಿನ ಭಾಷಣದ ಉದ್ದೇಶ.

ಕೊಡಗಿನ ಗಂಡಸರ ಸಾಂಪ್ರದಾಯಿಕ ಉಡುಪಿನ ವಿಷಯವನ್ನು ಬಲ್ಲವರು ಬಹಳ. ಕಪ್ಪು ಕುಪ್ಯ, ಅದರ ಮೇಲೆ ಬಿಗಿದ ಕೆಂಪು ಚೇಲೆ, ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ, ತಲೆಗೆ ಮಂಡೆತುಣಿ. ರಿಕ್ಟರ್ ಪಾದ್ರಿಗಳು 1870ರಲ್ಲಿ ಹೊರತಂದ ಕೊಡಗಿನ ಕೈಪಿಡಿಯಿಂದ ಮೊದಲ್ಗೊಂಡು ಇಂದಿನ ಪ್ರವಾಸಿ ಪುಸ್ತಿಕೆಗಳವರೆಗೆ ಈ ವರ್ಣನೆ ತಲೆಯಿಂದ ಸೊಂಟದವರೆಗೆ ಸಾವಕಾಶವಾಗಿ ಇಳಿದು ಬರುತ್ತದೆ. ಪಾದದ ಬಳಿಗೆ ಬರುವ ಹೊತ್ತಿಗೆ ಬರೆಯುವವನಿಗೆ ಅವಸರ. ಹಳೆಯ ಮನೆಗಳ ಗೋಡೆಯ ಮೇಲಿನ ಗುಂಪುಚಿತ್ರಗಳನ್ನು ನಾನು ಕೆಲವು ಕಾಲದಿಂದ ಬೇರೊಂದು ರೀತಿಯಲ್ಲಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ, ಕೆಳಗಿನಿಂದ ಮೇಲಕ್ಕೆ. ಕುರ್ಚಿಯಲ್ಲಿ ಕುಳಿತವರ ಕಾಲಿನಲ್ಲಿ ಬೂಟು. ಹಿಂದೆ ನಿಂತವರಲ್ಲಿ ಕೆಲವರಿಗೆ ಬೆರಳು ಕಾಣುವ ಚಪ್ಪಲಿ. ಚಿತ್ರದ ಅಂಚಿನಲ್ಲಿ, ಕುದುರೆಯನ್ನೋ ನಾಯಿಯನ್ನೋ ಹಿಡಿದು ನಿಂತವನದು ಬರಿಗಾಲು. ಹೆಸರುಗಳನ್ನು ಬರೆದಿಡದ ಚಿತ್ರದಲ್ಲಿಯೂ ಯಾರು ಯಾರೆಂಬುದು ಪಾದದಿಂದ ತಿಳಿಯುತ್ತದೆ.

ಈ ನಾಡಿನಲ್ಲಿ ಪಾದಕ್ಕೆ ಒದಗುವ ಕಷ್ಟವೇನೆಂಬುದನ್ನು ಬಯಲುಸೀಮೆಯ ಶ್ರೋತೃಗಳು ಸ್ವಲ್ಪ ಊಹಿಸಿಕೊಳ್ಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ. ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಬಯಲಿನವನಿಗೆ ಕಾದ ನೆಲ ಮತ್ತು ಮುಳ್ಳು ಶತ್ರುಗಳಾದರೆ ಇಲ್ಲಿಯವನಿಗೆ ನೀರು ಮತ್ತು ಇಂಬಳ. ಮುಚ್ಚಿದ ಬೂಟು ಒಮ್ಮೆ ನೆನೆದರೆ ನಾಲ್ಕು ದಿನವಾದರೂ ಆರುವುದಿಲ್ಲ. ಆರುವ ಮೊದಲೇ ಬೂಷ್ಟು ಹಿಡಿಯುತ್ತದೆ. ಇಂಬಳವೋ ಬೂಟಿನ ಕಣ್ಣುಗಳಲ್ಲಿ ನುಸುಳಿ, ಕಾಲುಚೀಲದ ಒಳಗೆ ಹೊಟ್ಟೆತುಂಬ ಕುಡಿದು, ಸಂಜೆ ಬೂಟು ಕಳಚಿದಾಗ ಮಾತ್ರ ತನ್ನ ಇರವನ್ನು ತೋರಿಸುತ್ತದೆ. ಬೆರಳು ತೆರೆದ ಚಪ್ಪಲಿಯಾದರೆ ನೀರು ಬಂದ ದಾರಿಯಲ್ಲೇ ಹೋಗುತ್ತದೆ, ಹತ್ತಿದ ಇಂಬಳ ಕಣ್ಣಿಗೆ ಬೀಳುತ್ತದೆ, ಸುಣ್ಣವನ್ನೋ ಹೊಗೆಸೊಪ್ಪಿನ ರಸವನ್ನೋ ಮುಟ್ಟಿಸಿದರೆ ಕಳಚಿ ಬೀಳುತ್ತದೆ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ಮೇಲೆ ಒಬ್ಬೊಬ್ಬರಾಗಿ ಬಂದ ಬಿಳಿಯ ಪ್ಲಾಂಟರುಗಳು ಬೂಟಿನ ಮೇಲೆ ಮೊಣಕಾಲಿನವರೆಗೆ ಬಟ್ಟೆಪಟ್ಟಿ ಸುತ್ತಿಕೊಂಡು ಓಡಾಡಿದರು. ಅದು ಅವರ ಉಪಾಯ. ತೆರೆದ ಚಪ್ಪಲಿ ನಮ್ಮದು, ನನ್ನ ಪಕ್ಷಪಾತವನ್ನು ಮುಚ್ಚಿಡದೆ ಹೇಳುವುದಾದರೆ ಹೆಚ್ಚು ಬುದ್ಧಿಯದು.

ಆದರೆ ತೆರೆದ ಚಪ್ಪಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಮಿಕ್ಕ ಅರ್ಧ ನಡೆಯುವುದು ಮನೆಯ ಮೆಟ್ಟಿಲ ಬಳಿ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಅಲ್ಲಿಯೇ ಇಟ್ಟ ನೀರಿನಿಂದ ಕಾಲು ತೊಳೆದು ಮೇಲಕ್ಕೆ ಹತ್ತುವುದು ನಮ್ಮ ಹಳೆಯ ಮನೆಗಳ ಕ್ರಮವಾಗಿತ್ತು. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಗದ್ದೆಯ ಕೆಲಸದ ದಿನಗಳಲ್ಲಿ ಬೆರಳ ಸಂದಿ ಹುಣ್ಣಾಗುತ್ತಿತ್ತು. ಅದಕ್ಕೆ ಅರಿಶಿನ ಕಲಸಿದ ಎಣ್ಣೆ. ಬೇಸಗೆಯಲ್ಲಿ ಹಿಮ್ಮಡಿ ಒಡೆದರೆ ಜೇನುಮೇಣ ಕರಗಿಸಿ ತುಂಬುತ್ತಿದ್ದರು. ಜೇನಿನ ನಾಡಿನಲ್ಲಿ ಮೇಣಕ್ಕೆ ಕೊರತೆಯಿರಲಿಲ್ಲ. ನಾಟಿ ಮುಗಿದ ಗದ್ದೆಯಲ್ಲಿ ನಾಟಿ ಓಟ ಓಡಿದವರು ಮರುದಿನ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ.

ಪಾದದ ಆರೈಕೆಯನ್ನು ಶಿಸ್ತಾಗಿ ಕಲಿಸಿದ್ದು ಸೈನ್ಯ. ಒಂದನೆಯ ಮಹಾಯುದ್ಧದ ಮೊದಲ ಚಳಿಗಾಲದಲ್ಲಿ, 1914ರಲ್ಲಿ, ಯೂರೋಪಿನ ಕಂದಕಗಳ ನೀರಿನಲ್ಲಿ ನಿಂತ ಸಹಸ್ರಾರು ಸೈನಿಕರ ಪಾದಗಳು ಕೊಳೆಯತೊಡಗಿದವು. ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕಬೇಕು, ಒಣಗಿದ ಕಾಲುಚೀಲ ಬದಲಿಸಬೇಕು, ದಳದ ಅಧಿಕಾರಿ ತಾನೇ ಸಿಪಾಯಿಗಳ ಪಾದಗಳನ್ನು ಪರೀಕ್ಷಿಸಬೇಕು ಎಂಬ ನಿಯಮ ಅಲ್ಲಿಂದ ಬಿಗಿಯಾಯಿತು. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ನಾಡಿಗೆ ಈ ನಿಯಮ ಮನೆಯ ಮಾತಾಗಿ ಮರಳಿತು. ನಮ್ಮ ನೆರೆಯ ನಿವೃತ್ತ ಸುಬೇದಾರರೊಬ್ಬರು ಪ್ರತಿ ಸಂಜೆ ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿ ಪುಡಿ ಹಾಕಿ, ಅನಂತರವೇ ಚಪ್ಪಲಿ ಮೆಟ್ಟುತ್ತಿದ್ದರು. ದಂಡಿನಲ್ಲಿ ಬಿಳಿಯ ಕಪ್ತಾನನೇ ಬಗ್ಗಿ ನನ್ನ ಕಾಲು ನೋಡುತ್ತಿದ್ದ ಎಂದು ಅವರು ಹೇಳುವಾಗ ದನಿಯಲ್ಲಿ ಹೆಮ್ಮೆಯಿರುತ್ತಿತ್ತು. ಅವರ ಗದ್ದೆಯ ಆಳುಗಳ ಕಾಲನ್ನು ಯಾರಾದರೂ ಬಗ್ಗಿ ನೋಡಿದ್ದುಂಟೆ? ನಾನು ಕಾಣೆ.

ಇಲ್ಲಿಗೆ ವಿಷಯದ ನಡುಮನೆಗೆ ಬಂದಂತಾಯಿತು. ಓಂಕಾರೇಶ್ವರನ ಗುಡಿಯನ್ನು ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ. ಅದರ ಮುಂದೆ ಎಲ್ಲರೂ ಕೆರ ಕಳಚುತ್ತಾರೆ. ದೇವರ ಮುಂದೆ ಎಲ್ಲರೂ ಕಳಚುವುದು ಒಂದು ಬಗೆ. ಒಬ್ಬ ಮನುಷ್ಯನ ಮುಂದೆ ಇನ್ನೊಬ್ಬ ಮನುಷ್ಯ ಕಳಚುವುದು ಬೇರೆಯೇ ಬಗೆ. ಮೇಲ್ಜಾತಿಯವರ ಬೀದಿಯಲ್ಲಿ ದಲಿತನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟಳೆ ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಇತ್ತು. ಕೊಡಗಿನಲ್ಲಿಯೂ ಭೂಮಿಯೊಡನೆ ಬಂಧಿತರಾಗಿ, ಒಡೆತನದ ಸೊತ್ತಿನಂತೆ ಎಣಿಕೆಯಾಗುತ್ತಿದ್ದ ಜನರಿದ್ದರು. 1843ರ ಕಾಯಿದೆ ಜೀತದಾಳಿನ ಮೇಲಣ ಒಡೆತನವನ್ನು ನ್ಯಾಯಾಲಯ ಮನ್ನಿಸದಂತೆ ಮಾಡಿತು. ಆದರೆ ಅಂಗಳದ ಕಟ್ಟಳೆಗಳು ನ್ಯಾಯಾಲಯದ ಮೆಟ್ಟಿಲು ಹತ್ತುವಂಥವಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹಿರಿಯನ ನೆನಪಾಗುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಂದು ಜೊತೆ ಟೈರಿನ ಚಪ್ಪಲಿ ಕೊಂಡಿದ್ದ. ಸವೆದ ಲಾರಿ ಟೈರನ್ನು ಕೊಯ್ದು, ಬಾರಿಗೆ ಮೊಳೆ ಹೊಡೆದ, ಕಲ್ಲಿಗೂ ಜಗ್ಗದ ಚಪ್ಪಲಿ. ಮರುದಿನ ಶಾಲೆಯಿಂದ ಬರುತ್ತಿದ್ದ ನಾನು ದಾರಿಯಲ್ಲಿ ಅವನನ್ನು ಕಂಡೆ. ನಮ್ಮ ಗೇಟಿನಿಂದ ಬರಿಗಾಲಲ್ಲಿ ಹೊರಬಿದ್ದು, ತಿರುವು ದಾಟಿ, ಮನೆ ಮರೆಯಾದ ಮೇಲೆ, ಕಂಬಳಿಯ ಮಡಿಕೆಯಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡ. “ಒಳಗೆ ಯಾಕೆ ಹಾಕ್ಕೊಳ್ಳೋದಿಲ್ಲ?” ಎಂದು ಕೇಳಿದೆ. “ಸಾವ್ಕಾರ್ರು ಏನೂ ಹೇಳಿಲ್ಲಪ್ಪ” ಎಂದ. ನಿಜ, ನಮ್ಮ ತಂದೆ ಏನೂ ಹೇಳಿರಲಿಲ್ಲ. ಹಾಕಿಕೊಳ್ಳಬೇಡ ಎಂದೂ ಹೇಳಿರಲಿಲ್ಲ, ಹಾಕಿಕೊ ಎಂದೂ ಹೇಳಿರಲಿಲ್ಲ.

ಈ ಶಾಸ್ತ್ರವನ್ನು ಆಂಗ್ಲರು ನಮ್ಮ ಮೇಲೆಯೇ ತಿರುಗಿಸಿದರೆಂಬುದು ಚರಿತ್ರೆಯ ಒಂದು ವಿನೋದ. ಅಧಿಕಾರಿಗಳ ಸಮಕ್ಷಮ ದೇಶೀಯರು ಪಾದರಕ್ಷೆ ಕಳಚಬೇಕೆಂಬುದು ಕಂಪನಿಯ ಕಾಲದ ರೂಢಿ. 1854ರಲ್ಲಿ ಗವರ್ನರ್ ಜನರಲ್ಲರ ಮಂಡಲಿ ಒಂದು ರಿಯಾಯಿತಿ ತೋರಿತು: ಯೂರೋಪಿನ ಮಾದರಿಯ ಬೂಟು, ಕಾಲುಚೀಲ ತೊಟ್ಟವರು ಅವುಗಳೊಡನೆಯೇ ಬರಬಹುದು. 1862ರಲ್ಲಿ ಸೂರತ್ತಿನ ಮಾಣೆಕಜಿ ಕಾವಸಜಿ ಎಂಟಿ ಎಂಬ ಪಾರಸಿ ಗೃಹಸ್ಥ ಪಾದರಕ್ಷೆಯೊಡನೆ ನ್ಯಾಯಾಲಯವನ್ನು ಪ್ರವೇಶಿಸಲು ಹೋಗಿ ತಡೆಯಲ್ಪಟ್ಟು, ಹೋರಾಟಕ್ಕೆ ನಿಂತ. ಎಂದರೆ ಬೂಟಿಗೆ ಒಳಗೆ ಪ್ರವೇಶ, ದೇಶೀಯ ಮೆಟ್ಟಿಗೆ ಬಾಗಿಲ ಹೊರಗೆ ಜಾಗ. ಈ ನ್ಯಾಯದ ನೆರಳು ಇನ್ನೂ ಪೂರ್ತಿ ಸರಿದಿಲ್ಲ. ಬೆರಳು ಕಾಣುವ ಚಪ್ಪಲಿಯಲ್ಲಿ ತರಗತಿಗೆ ಬಂದ ಅಧ್ಯಾಪಕನನ್ನು ಮೇಲಿಂದ ಕೆಳಗೆ ನೋಡಿದ ಹಿರಿಯರನ್ನು ನಾನು ನನ್ನ ಉದ್ಯೋಗಕಾಲದಲ್ಲಿ ಕಂಡಿದ್ದೇನೆ. ಆ ಅಧ್ಯಾಪಕ ನಾನೇ. ಚಪ್ಪಲಿಯನ್ನು ಬದಲಿಸಲಿಲ್ಲ.

ಪಾದವನ್ನು ಕುರಿತು ಕನ್ನಡ ಚಿತ್ತವನ್ನು ಹರಳಯ್ಯನ ಕಥೆಯಷ್ಟು ಕಲಕಿದ್ದು ಬೇರೊಂದಿಲ್ಲ. ಹಾಲೇರಿಯ ಅರಸರು ವೀರಶೈವರಾಗಿದ್ದುದರಿಂದ ಶರಣರ ಚರಿತೆ ಕೊಡಗಿಗೆ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಮ್ಮಾರ ಹರಳಯ್ಯ ಬಸವಣ್ಣನವರಿಗೆ ಶರಣು ಎಂದ. ಅವರು ಶರಣು ಶರಣಾರ್ಥಿ ಎಂದು ಮರುನುಡಿದರು. ತನ್ನ ಒಂದು ಶರಣಿಗೆ ಎರಡು ಶರಣನ್ನು ಪಡೆದ ಭಾರ ಅವನಿಗೆ ಹೊರಲಾರದ್ದಾಯಿತು. ಅವನೂ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನು ತೆಗೆದು ಚಮ್ಮಾವುಗೆ ಹೊಲಿದು ತಂದರು. ಬಸವಣ್ಣನವರು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರು ಎಂದು ಪರಂಪರೆ ಹೇಳುತ್ತದೆ. ನಾವು ಈ ಕಥೆಯನ್ನು ಭಕ್ತಿಯ ಕಥೆಯಾಗಿ ಹೇಳುತ್ತೇವೆ. ಆದರೆ ಮುಂದಿನ ಭಾಗವನ್ನು ಬಿಟ್ಟು ಹೇಳಬಾರದು. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಬಿಜ್ಜಳನ ರಾಜ್ಯದಲ್ಲಿ ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಕೆರವನ್ನು ತಲೆಯ ಮೇಲೆ ಹೊತ್ತಾಗ ಸುಮ್ಮನಿದ್ದ ಪಟ್ಟಣ, ಕೆರ ಹೊಲಿದವನು ಬೀಗನಾದಾಗ ಸುಮ್ಮನಿರಲಿಲ್ಲ.

ಬರಿಗಾಲು ಕೇವಲ ಮಾನದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆಯೂ ಹೌದೆಂಬುದು ಗೊತ್ತಾದದ್ದು ತಡವಾಗಿ. 1898ರ ಸುಮಾರಿಗೆ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಕೊಕ್ಕೆಹುಳುವಿನ ಮರಿಗಳಿದ್ದ ನೀರು ಆಕಸ್ಮಿಕವಾಗಿ ಚೆಲ್ಲಿತು. ಚರ್ಮ ಕೆಂಪಾಗಿ ತುರಿಸಿತು. ಕೆಲವು ವಾರಗಳ ಮೇಲೆ ಹುಳು ಅವನ ಹೊಟ್ಟೆಯಲ್ಲಿತ್ತು. ಬಾಯಿಂದಲ್ಲದೆ ಚರ್ಮದ ಮೂಲಕವೂ ಅದು ಒಳಹೊಗುತ್ತದೆಂಬುದು ಹೀಗೆ ತಿಳಿಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1909ರಿಂದ ರಾಕ್‌ಫೆಲರ್ ಆಯೋಗ ಶೌಚಗೃಹ ಮತ್ತು ಪಾದರಕ್ಷೆಗಳ ಪ್ರಚಾರಕ್ಕೆ ತೊಡಗಿತು. 1920ರ ದಶಕದಲ್ಲಿ ಆ ಕಾರ್ಯ ಮದ್ರಾಸ್ ಪ್ರಾಂತಕ್ಕೂ ಬಂತು. ನೆರಳು, ತೇವ, ಬೆಚ್ಚನೆಯ ಮಣ್ಣು, ಶೌಚಗೃಹವಿಲ್ಲದ ಲೈನುಮನೆ, ಬರಿಗಾಲು, ಇವೆಲ್ಲ ಕೂಡಿದ ಜಾಗವೇ ಕಾಫಿ ತೋಟ. ತೋಟದಾಳು ಸೋಮಾರಿ ಎಂದು ಜರೆದ ಎಷ್ಟೋ ಮಂದಿಗೆ, ಅವನ ರಕ್ತವನ್ನು ಒಳಗೊಂದು ಹುಳು ಹೀರುತ್ತಿದೆಯೆಂಬ ಅರಿವಿರಲಿಲ್ಲ. ಸ್ವಾತಂತ್ರ್ಯಾನಂತರ 1951ರಲ್ಲಿ ಬಂದ ತೋಟಕಾರ್ಮಿಕರ ಕಾಯಿದೆ ಮಳೆಚಳಿಗಳ ರಕ್ಷಣೆಗಾಗಿ ಕೊಡೆ, ಕಂಬಳಿ, ಮಳೆಯಂಗಿ ಇಂಥವನ್ನು ಹೆಸರಿಸಿತ್ತು. ಪಾದರಕ್ಷೆಯನ್ನು ಅಲ್ಲಿ ಹೆಸರಿಸಿರಲಿಲ್ಲ. ಶಾಸನ ಬರೆದವರ ಕಣ್ಣೂ ಛಾಯಾಚಿತ್ರ ನೋಡುವವರಂತೆ ಮೇಲಿನಿಂದ ಹೊರಟು ಮೊಣಕಾಲಿನ ಬಳಿ ನಿಂತಿತೇನೋ.

ಚಪ್ಪಲಿ ಹೊಲಿಯುವುದನ್ನು ಕೈಯಾರೆ ಕಲಿತ ಒಬ್ಬ ಬ್ಯಾರಿಸ್ಟರು 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದರು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಗಾಂಧೀಜಿ ಈ ಕಸುಬನ್ನು ಕಲಿತಿದ್ದರು. ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ತಾವು ಮಾಡಿದ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. 1939ರಲ್ಲಿ ಗಾಂಧೀಜಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಸ್ಮಟ್ಸ್ ಅವನ್ನು ಗೌರವದಿಂದ ಹಿಂದಿರುಗಿಸಿದರು. ಕೊಡಗಿನ ಆ ಭೇಟಿ ಅಸ್ಪೃಶ್ಯತಾ ನಿವಾರಣೆಯ ಪ್ರವಾಸದ ಭಾಗ. ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟದಲ್ಲಿ ಅವರು ತಂಗಿದ್ದಾಗ, ತಮ್ಮ ಮನೆಗೆ ಬರಬೇಕೆಂದು ಉಪವಾಸ ಕುಳಿತ ಇಪ್ಪತ್ತೆರಡರ ಆಸುಪಾಸಿನ ತರುಣಿ, ನಮ್ಮ ಕಥೆಗಾರ್ತಿ ಕೊಡಗಿನ ಗೌರಮ್ಮ, ತಮ್ಮ ಆಭರಣಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ಪ್ರಸಂಗ ಸಾಹಿತ್ಯಾಸಕ್ತರಿಗೆಲ್ಲ ತಿಳಿದದ್ದು.

ಆದರೂ ಕೊಡಗಿನ ಬರಿಗಾಲಿಗೆ ಕೊನೆಗೆ ಪಾದರಕ್ಷೆ ತೊಡಿಸಿದ್ದು ಉಪದೇಶವಲ್ಲ, ರಬ್ಬರು. ಹವಾಯಿ ಚಪ್ಪಲಿಗೆ ಜಾತಿಯಿಲ್ಲ. ಅದು ತೊಗಲಲ್ಲದ್ದರಿಂದ ಮೈಲಿಗೆಯ ಮಾತಿಲ್ಲ, ಮಳೆಯಲ್ಲಿ ಕೊಳೆಯುವುದಿಲ್ಲ, ಬಾರು ಕಿತ್ತರೆ ತಾನೇ ಸಿಕ್ಕಿಸಿಕೊಳ್ಳಬಹುದು. ಜಾರುವ ದೋಷವೊಂದುಂಟು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಸಂತೆಯ ಹಗ್ಗದ ಮೇಲೆ ನೀಲಿ ಬಾರಿನ ಬಿಳಿ ಜೊತೆಗಳು ಸಾಲಾಗಿ ತೂಗತೊಡಗಿದವು. ಅದೇ ಹೊತ್ತಿಗೆ ಮರದಡಿಯ ಮೋಚಿಯ ಗಿರಾಕಿ ಕಡಮೆಯಾದರು ಎಂಬುದನ್ನೂ ಹೇಳಬೇಕು.

ತೊಗಲಿನ ತೆರೆದ ಚಪ್ಪಲಿಗೆ ಮಾನ ಬೇರೆ ದಾರಿಯಿಂದ ಬಂತು. ಕೊಲ್ಹಾಪುರಿ ಎಂದು ಹೆಸರಾದದ್ದನ್ನು ನಮ್ಮ ಅಥಣಿ, ನಿಪ್ಪಾಣಿಗಳಲ್ಲಿಯೂ ತಲೆಮಾರುಗಳಿಂದ ಹೊಲಿಯುತ್ತಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪುರುಷರ ಉಡುಪಿನ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಗಳನ್ನು ಮೂಲವನ್ನು ಹೇಳದೆ ತೋರಿಸಿ, ಆಕ್ಷೇಪಣೆ ಬಂದ ಮೇಲೆ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಚಪ್ಪಲಿಯ ಊರನ್ನು. ಹೊಲಿದವನ ಹೆಸರು ಎಂದಿನಂತೆ ಹೊರಗೇ ಉಳಿಯಿತು.

ಈಗ ಪಾದವನ್ನು ಬಗ್ಗಿ ನೋಡುವವರು ವೈದ್ಯರು. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದದ ಹುಣ್ಣಿಗೆ ಕಾರಣ ಕೊಳೆತವಲ್ಲ, ನೋವಿನ ಅರಿವು ಹೋದದ್ದು ಎಂಬುದನ್ನು ತೋರಿಸಿಕೊಟ್ಟರು. ಅಂಥ ಪಾದಗಳಿಗಾಗಿ ಮೆತ್ತನೆಯ ರಬ್ಬರಿನ ತೆರೆದ ಚಪ್ಪಲಿಗಳು ಬಂದವು. ಅದೇ ಚಪ್ಪಲಿ ಇಂದು ಸಕ್ಕರೆ ಕಾಯಿಲೆಯವರ ಪಾದಕ್ಕೂ ಬಂದಿದೆ. ಈಚೆಗೆ ನಮ್ಮ ಕಡೆಯ ಒಂದು ತಪಾಸಣಾ ಶಿಬಿರದಲ್ಲಿ ನಾನೂ ಸಾಲಿನಲ್ಲಿ ಕುಳಿತಿದ್ದೆ. ಎಳೆಯ ವಯಸ್ಸಿನ ವೈದ್ಯೆಯೊಬ್ಬಳು ಮೋಟು ಸ್ಟೂಲಿನ ಮೇಲೆ ಕುಳಿತು, ಒಬ್ಬೊಬ್ಬರ ಪಾದವನ್ನೂ ತನ್ನ ಕೈಗೆ ತೆಗೆದುಕೊಂಡು, ಹತ್ತು ಗ್ರಾಂ ಒತ್ತುವ ನೈಲಾನ್ ಎಳೆಯಿಂದ ಬೆರಳು ಬೆರಳಿಗೂ ಮುಟ್ಟಿಸಿ ತಿಳಿಯುತ್ತದೆಯೇ ಎಂದು ಕೇಳುತ್ತಿದ್ದಳು. ನನ್ನ ಮುಂದಿದ್ದವರು ತೋಟದಲ್ಲಿ ದುಡಿದ ವೃದ್ಧರು. ಬಾಲ್ಯವೆಲ್ಲ ಬರಿಗಾಲಲ್ಲಿ ಕಳೆದುದರಿಂದ ಅವರ ಪಾದದ ಮುಂಭಾಗ ಬೀಸಣಿಗೆಯಂತೆ ಹರಡಿತ್ತು. ಆಕೆ ಕೈ ಚಾಚಿದಾಗ ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. “ಬೇಡಮ್ಮ, ನೀವು ಮುಟ್ಟಬಾರದು” ಎಂದರು. ಆಕೆ ಎರಡನೆಯ ಸಲ ಕೇಳಿದಳು. ಮುಚ್ಚಿದ ಬೂಟು ಈ ಪಾದಕ್ಕೆ ಹಿಡಿಸುವುದಿಲ್ಲವೆಂದೂ, ಹಿಂದೆ ಬಾರಿರುವ ತೆರೆದ ಚಪ್ಪಲಿಯನ್ನೇ, ಮನೆಯ ಒಳಗೂ ಹೊರಗೂ ಹಾಕಿಕೊಳ್ಳಬೇಕೆಂದೂ ಚೀಟಿಯಲ್ಲಿ ಬರೆದಳು. ಅವರು ಚೀಟಿಯನ್ನು ನನ್ನ ಕಡೆ ಹಿಡಿದು, “ಒಳಗೂ ಅಂತ ಬರೆದಿದ್ದಾರಾ, ನೋಡಿ ಸ್ವಾಮಿ” ಎಂದರು. ಬರೆದಿದ್ದಾರೆ ಎಂದು ಓದಿ ಹೇಳಿದೆ.