ಸ್ಕ್ರಿಪ್ಟ್ ಇಲ್ಲದವರ ಚರಿತ್ರೆ

ಮಾಸ್ಟರ್ಸ್ ಮಾಡೋಕೆ ಕ್ರೈಸ್ಟ್‌ಚರ್ಚ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಕ್ಲಾಸ್‌ಮೇಟ್ ಒಬ್ಬ ಒಂದು ಶುಕ್ರವಾರ ರಾತ್ರಿ ನನ್ನನ್ನು ‘ಸ್ಕೇರ್ಡ್ ಸ್ಕ್ರಿಪ್ಟ್‌ಲೆಸ್’ ಅನ್ನೋ ಶೋಗೆ ಎಳೆದುಕೊಂಡು ಹೋದ. ನಿರೂಪಕಿ ‘ಒಂದು ಜಾಗ ಹೇಳಿ’ ಅಂದಳು. ಹಿಂದಿನಿಂದ ಯಾರೋ ‘ಬಸ್ ಸ್ಟಾಪ್’ ಅಂತ ಕೂಗಿದರು. ಇಬ್ಬರು ನಟರು ರಂಗದ ಮೇಲೆ ಬಂದು ನಿಂತರು. ಎರಡು ಮೂರು ಸೆಕೆಂಡ್ ಮೌನ. ಆಮೇಲೆ ಒಬ್ಬ, ತನಗಿಂತ ಎರಡು ಪಟ್ಟು ದಪ್ಪಗಿದ್ದ ಗಡ್ಡದವನ ಕಡೆ ತಿರುಗಿ, ‘ಅಮ್ಮಾ, ಬಸ್ಸು ಬರಲ್ಲ ಅಂತ ಗೊತ್ತಿದ್ದೂ ದಿನಾ ಯಾಕೆ ಬಂದು ಕೂತ್ಕೋತೀಯ?’ ಅಂದ. ಗಡ್ಡದವನು ಆ ಕ್ಷಣವೇ ಅಮ್ಮ ಆಗಿಬಿಟ್ಟ. ಜನ ನಕ್ಕರು, ಐದು ನಿಮಿಷದ ನಂತರ ಯಾರೂ ನಗುತ್ತಿರಲಿಲ್ಲ.

ಆ ಎರಡು ಮೂರು ಸೆಕೆಂಡ್ ಇದೆಯಲ್ಲ, ನಾನು ಹೇಳಹೊರಟಿರುವುದು ಅದರ ಚರಿತ್ರೆಯನ್ನು. ಅದಕ್ಕೆ ಚರಿತ್ರೆ ಇದೆ ಅನ್ನೋದೇ ನನಗೆ ಆಗ ಗೊತ್ತಿರಲಿಲ್ಲ. ಅದರಲ್ಲಿ ಪೊಲೀಸ್ ಕಾನೂನು ಕೂಡ ಬರುತ್ತೆ.

ಈ ಬಗೆಯ ಆಟಕ್ಕೆ ರೂಪ ಕೊಟ್ಟವರು ಕೀತ್ ಜಾನ್‌ಸ್ಟನ್. ಇಂಗ್ಲೆಂಡಿನವರು, 1933ರಲ್ಲಿ ಹುಟ್ಟಿದವರು, 1950ರ ದಶಕದಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ಕೆಲಸಕ್ಕೆ ಸೇರಿದವರು. ಅವರಿಗೆ ಅಸೂಯೆ ಹುಟ್ಟಿಸಿದ್ದು ಕುಸ್ತಿ ಪಂದ್ಯ. ಕುಸ್ತಿ ನೋಡೋ ಜನ ಕೂಗ್ತಾರೆ, ಎದ್ದು ನಿಲ್ತಾರೆ. ನಾಟಕ ನೋಡುವವರು ಸಭ್ಯರಾಗಿ ಕೆಮ್ಮುತ್ತಾರೆ, ಅಷ್ಟೇ. ಕುಸ್ತಿಪಟುಗಳ ಜಾಗದಲ್ಲಿ ನಟರನ್ನು ನಿಲ್ಲಿಸಿದರೆ ಹೇಗೆ ಅಂತ ಅವರು ಯೋಚಿಸಿದರು. ಆದರೆ ಹಾಗೆ ಮಾಡುವುದು ಇಂಗ್ಲೆಂಡಿನಲ್ಲಿ ಕಾನೂನುಬಾಹಿರವಾಗಿತ್ತು. 1737ರಿಂದ ಅಲ್ಲಿ ಯಾವುದೇ ಹೊಸ ನಾಟಕ ಸಾರ್ವಜನಿಕರ ಮುಂದೆ ಬರಬೇಕಾದರೆ ಲಾರ್ಡ್ ಚೇಂಬರ್ಲೇನ್ ಅನ್ನೋ ಅರಮನೆ ಅಧಿಕಾರಿಗೆ ಮೊದಲು ಸ್ಕ್ರಿಪ್ಟ್ ಒಪ್ಪಿಸಿ ಪರವಾನಗಿ ಪಡೆಯಬೇಕಿತ್ತು. ಇನ್ನೂ ಹುಟ್ಟದ ಮಾತಿಗೆ ಪರವಾನಗಿ ಪಡೆಯೋದು ಹೇಗೆ? ಹಾಗಾಗಿ ಜಾನ್‌ಸ್ಟನ್ ತಮ್ಮ ಪ್ರಯೋಗಗಳನ್ನು ‘ಪಾಠ’ ಅಂತ ಕರೆದು ಜನರ ಮುಂದೆ ಮಾಡಿದರು. ಪಾಠಕ್ಕೆ ಸೆನ್ಸಾರ್ ಇಲ್ಲವಲ್ಲ! ಆ ಪದ್ಧತಿ ಹೋಗಿದ್ದು 1968ರಲ್ಲಿ. ‘ಥಿಯೇಟರ್‌ಸ್ಪೋರ್ಟ್ಸ್’ ಹುಟ್ಟುವ ಹೊತ್ತಿಗೆ, 1977ರಲ್ಲಿ, ಅವರು ಕೆನಡಾದ ಕ್ಯಾಲ್ಗರಿಯಲ್ಲಿದ್ದರು. ಅದು ನ್ಯೂಜಿಲೆಂಡ್ ತಲುಪಿದ್ದು 80ರ ದಶಕದಲ್ಲಿ. ಇಲ್ಲಿನ ಕೋರ್ಟ್ ಥಿಯೇಟರ್‌ನ ‘ಕೋರ್ಟ್ ಜೆಸ್ಟರ್ಸ್’ ತಂಡದ ಸ್ಕೇರ್ಡ್ ಸ್ಕ್ರಿಪ್ಟ್‌ಲೆಸ್ ಶುರುವಾಗಿದ್ದು 1990ರಲ್ಲಿ.

ನಮ್ಮಲ್ಲೂ ಇಂಥದ್ದೇ ಕಾನೂನೊಂದು ಇತ್ತು ಅನ್ನೋದು ನೆನಪಿರಲಿ. 1876ರ ನಾಟಕ ಪ್ರದರ್ಶನ ಕಾಯ್ದೆ, ‘ನೀಲದರ್ಪಣ’ದಂಥ ನಾಟಕಗಳಿಗೆ ಹೆದರಿ ಬ್ರಿಟಿಷರು ತಂದದ್ದು. ಆಟಕ್ಕೆ ಮುಂಚೆಯೇ ನಾಟಕಕಾರನಿಂದ, ಮುದ್ರಕನಿಂದ ವಿವರ ಕೇಳಬಹುದಿತ್ತು. ಆದರೆ ಅದೇ ಕಾಲದಲ್ಲಿ ಕುಂಬಳೆ ಸೀಮೆಯ ದೇವಸ್ಥಾನದ ಜಗಲಿಗಳಲ್ಲಿ, ಮಳೆಗಾಲದ ರಾತ್ರಿ, ವೇಷವಿಲ್ಲದೆ ಕೂತು ತಾಳಮದ್ದಳೆಯ ಅರ್ಥ ಹೇಳುತ್ತಿದ್ದವರ ಹತ್ತಿರ ಯಾವ ಅಧಿಕಾರಿ ಯಾವ ಕಾಗದ ಕೇಳಬೇಕು? ಭಾಗವತರ ಕೈಲಿರೋದು ಪದ್ಯ ಮಾತ್ರ. ಮಾತೆಲ್ಲ ಆವತ್ತಿನದು.

ನನ್ನಜ್ಜ ತಾಳಮದ್ದಳೆಯ ಹುಚ್ಚಿನವರು. ಹಾಗಾಗಿ ಬಸ್ ಸ್ಟಾಪಿನ ಆಟ ನೋಡುವಾಗ ನನಗೆ ಮೊದಲು ಅನಿಸಿದ್ದು ‘ಇದು ನಮ್ಮದೇ ಅಲ್ವಾ’ ಅಂತ. ಆಮೇಲೆ ಗೊತ್ತಾಯ್ತು, ಹೆಚ್ಚುಕಮ್ಮಿ ಉಲ್ಟಾ. ಜಾನ್‌ಸ್ಟನ್ ಶಾಲೆಯಲ್ಲಿ ಎದುರಿನವನು ಕೊಟ್ಟದ್ದನ್ನು ತಳ್ಳಿಹಾಕುವುದು ದೊಡ್ಡ ತಪ್ಪು. ಅಮ್ಮ ಅಂದರೆ ಅಮ್ಮ ಆಗಲೇಬೇಕು. ‘ನಾನು ನಿನ್ನಮ್ಮ ಅಲ್ಲ’ ಅಂದರೆ ಕಥೆ ಅಲ್ಲೇ ಸತ್ತಂತೆ. ತಾಳಮದ್ದಳೆಯಲ್ಲಿ ತಳ್ಳಿಹಾಕುವುದೇ ಕಲೆ. ‘ವಾಲಿವಧೆ’ಯಲ್ಲಿ ಬಾಣ ತಿಂದು ಬಿದ್ದ ವಾಲಿ ಕೇಳ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ರಾಮನ ಒಂದೊಂದು ಉತ್ತರವನ್ನೂ ಕತ್ತರಿಸುತ್ತಾ ಹೋಗ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾದರೆ ರಾಮನಾಗಿ ಕೂತವನ ಪಾಡು ಹೇಳತೀರದು ಅಂತಿದ್ದರು ಅಜ್ಜ. ಎದುರಾಳಿ ಪುರಾಣದ ಯಾವ ಮೂಲೆಯಿಂದ ಪ್ರಶ್ನೆ ಎಸೀತಾನೋ ತಿಳಿಯದು. ಉತ್ತರ ಹೊಳೆಯದೆ ಹೋದರೆ ಇಡೀ ಊರಿನ ಮುಂದೆ ಮರ್ಯಾದೆ ಹೋಗುತ್ತೆ.

ಆದರೆ ಎಷ್ಟೇ ವಾದ ಗೆದ್ದರೂ ವಾಲಿ ಸಾಯಲೇಬೇಕು. ಪ್ರಸಂಗ ಬದಲಾಗಲ್ಲ. ಕೊನೆ ಗೊತ್ತಿರುವುದರಿಂದಲೇ ಇಬ್ಬರೂ ಅಷ್ಟು ಧೈರ್ಯವಾಗಿ ಜಗಳವಾಡಬಹುದು. ಕ್ರೈಸ್ಟ್‌ಚರ್ಚ್‌ನ ಆ ಇಬ್ಬರಿಗೆ ಕೊನೆ ಗೊತ್ತಿಲ್ಲ. ಅದಕ್ಕೇ ಹೆಜ್ಜೆಹೆಜ್ಜೆಗೂ ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡೇ ನಡೀಬೇಕು.

ಈ ಊರಿಗೆ ಅದು ಬರೀ ರಂಗದ ಮಾತಾಗಿ ಉಳಿಯಲಿಲ್ಲ. 2011ರ ಫೆಬ್ರವರಿ 22ರ ಮಧ್ಯಾಹ್ನ 12.51ಕ್ಕೆ ಭೂಕಂಪವಾಗಿ 185 ಜನ ತೀರಿಕೊಂಡರು. ಹಳೇ ಕಲ್ಲಿನ ಕಟ್ಟಡಗಳ ಆರ್ಟ್ಸ್ ಸೆಂಟರ್ ಮುಚ್ಚಿತು, ಅದರೊಳಗೆ 1976ರಿಂದ ಇದ್ದ ಕೋರ್ಟ್ ಥಿಯೇಟರ್ ಕೂಡ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಡಿಂಗ್ಟನ್‌ನ ಹಳೆಯ ಧಾನ್ಯದ ಗೋದಾಮಿನಲ್ಲಿ ಮತ್ತೆ ಬಾಗಿಲು ತೆರೆದರು. ‘ದ ಶೆಡ್’ ಅಂತಲೇ ಹೆಸರು. ನಾನು ನೋಡಿದ್ದು ಅಲ್ಲಿಯೇ. ನಗರದ ಮಧ್ಯೆ ಹೊಸ ಕಟ್ಟಡ ಸಿಕ್ಕಿದ್ದು 2025ರಲ್ಲಿ. ಹದಿಮೂರು ವರ್ಷ ತಾತ್ಕಾಲಿಕ ಗೋದಾಮಿನಲ್ಲಿ ಆಡಿದವರು, ‘ಬಸ್ಸು ಬರಲ್ಲ ಅಂತ ಗೊತ್ತಿದ್ದೂ’ ಅಂದಾಗ ಜನ ಯಾಕೆ ಸುಮ್ಮನಾದರು ಅಂತ ನನಗೆ ತಡವಾಗಿ ಹೊಳೀತು.

ನನ್ನ ಕೆಲಸವೇ ಡೇಟಾ. ಆದರೆ ಈ ಚರಿತ್ರೆಯಲ್ಲಿ ಡೇಟಾ ಸಿಗೋದು ಗೋಡೆಗಳದ್ದು, ಕಾಯ್ದೆಗಳದ್ದು, ತಾರೀಕುಗಳದ್ದು ಮಾತ್ರ. ಮಾತಿನದ್ದು ಇಲ್ಲ. ತಾಳಮದ್ದಳೆಗೆ ಕೊನೇಪಕ್ಷ ಕ್ಯಾಸೆಟ್‌ಗಳಿವೆ. ಅಜ್ಜನ ಹತ್ತಿರವೂ ಒಂದು ರಾಶಿ ಇತ್ತು. ಹಾಕಿದಾಗಲೆಲ್ಲ ಒಂದೇ ರಾಗ: ‘ಇದಲ್ಲ ಮಾರಾಯ, ಆವತ್ತು ದೇವಸ್ಥಾನದಲ್ಲಿ ಹೇಳಿದ್ದು ಕೇಳಬೇಕಿತ್ತು ನೀನು.’ ಆವತ್ತು ಹೇಳಿದ್ದೇನು ಅಂತ ಕೇಳಿದರೆ ಅರ್ಧ ವಾಕ್ಯ ಶುರು ಮಾಡಿ, ‘ಛೆ, ಅದು ಅವರ ಬಾಯಲ್ಲೇ ಕೇಳಬೇಕು’ ಅಂತ ನಿಲ್ಲಿಸಿಬಿಡುತ್ತಿದ್ದರು.

ಅಂದಹಾಗೆ, ಬಸ್ ಸ್ಟಾಪಿನ ಕಥೆ ಮುಗಿಸಿದ್ದು ಆ ಇಬ್ಬರು ನಟರಲ್ಲ. ಲೈಟ್ ನೋಡಿಕೊಳ್ಳುತ್ತಿದ್ದವರು. ಅಮ್ಮ ಎದ್ದು ನಿಂತು ರಸ್ತೆಯ ಕಡೆ ನೋಡಿದಳು, ದೀಪ ಆರಿತು. ನಮ್ಮ ಕಡೆ ಆ ಕೆಲಸ ಭಾಗವತರದ್ದು: ವಾಲಿ ಇನ್ನೂ ಮಾತಾಡ್ತಿರುವಾಗಲೇ ಜಾಗಟೆಗೆ ಒಂದು ಪೆಟ್ಟು, ಮುಂದಿನ ಪದ್ಯ.