ಕಾಫಿ ತೋಟದ ಹೆಣ್ಣಾಳುಗಳು: ಯುದ್ಧಕಾಲದ ಮೂಡಿಗೆರೆ–ಕಳಸ ಸೀಮೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ (1939–1945) ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಸುತ್ತಿನ ಕಾಫಿ ಕುಯ್ಲು, ಚಿಗುರು ತೆಗೆಯುವುದು, ಕಣದ ಕೆಲಸ ಹೆಚ್ಚಾಗಿ ಹೆಣ್ಣಾಳುಗಳ ಕೈಯಲ್ಲಿತ್ತು. ಬ್ರಿಟನ್ನಿನಲ್ಲಿ ಬೇಸಾಯಕ್ಕೆ ಇಳಿದ ಹೆಂಗಸರಿಗೆ ‘ವಿಮೆನ್ಸ್ ಲ್ಯಾಂಡ್ ಆರ್ಮಿ’ ಎಂಬ ಪಡೆಯಿತ್ತು, ಸಮವಸ್ತ್ರವಿತ್ತು. 1943ರ ಹೊತ್ತಿಗೆ ಅದರ ಸಂಖ್ಯೆ 80,000 ಮೀರಿತ್ತು. ಆದರೆ ಮಲೆನಾಡಿಗೆ ಆಳು ಒದಗಿಸಿದ್ದು ಹಳೆಯ ಮೇಸ್ತ್ರಿ ಪದ್ಧತಿಯೇ.

ಮೇಸ್ತ್ರಿ ತೋಟದವರಿಂದ ಮುಂಗಡ ಪಡೆದು ಘಟ್ಟದ ಕೆಳಗಿನ ಹಳ್ಳಿಗಳಲ್ಲಿ ಹಂಚುತ್ತಿದ್ದ. ಮಳೆ ಇಳಿದ ಮೇಲೆ ಸಂಸಾರಗಳು ಘಟ್ಟ ಹತ್ತಿ ಬಂದು ಲೈನ್‌ಮನೆಗಳಲ್ಲಿ ಉಳಿದು, ಮುಂಗಾರಿನ ಗದ್ದೆ ಕೆಲಸಕ್ಕೆ ಊರಿಗೆ ಮರಳುತ್ತಿದ್ದವು. ತೋಟದ ಆಳೆಂದರೆ ತಮಿಳರು ಎಂಬ ಗ್ರಹಿಕೆ ಈ ಸೀಮೆಗೆ ಪೂರ್ತಿ ಹೊಂದುವುದಿಲ್ಲ. ತುಳು ಮಾತಾಡುವವರು, ಬಯಲುಸೀಮೆಯವರು, ಸ್ಥಳೀಯ ದಲಿತರು ಇಲ್ಲಿ ಜೊತೆಜೊತೆಗೇ ದುಡಿದಿದ್ದಾರೆ.

ಈ ಆಳುಗಳನ್ನು ಲೆಕ್ಕ ಹಾಕುವ ತೊಡಕು ಹುಟ್ಟುವುದು ಈ ಹೋಗಿಬರುವಿಕೆಯಿಂದಲೇ. ತೋಟ ಇದ್ದದ್ದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿ (1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು); ಘಟ್ಟದ ಕೆಳಗಿನ ಊರು ಇದ್ದದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. 1941ರ ಜನಗಣತಿಯಲ್ಲಿ ಒಂದೇ ರಾತ್ರಿ ಎಣಿಸುವ ಕ್ರಮವನ್ನು ಕೈಬಿಡಲಾಯಿತು. ಯುದ್ಧದ ಕಾರಣ ಕೋಷ್ಟಕಗಳನ್ನೂ ಮೊಟಕುಗೊಳಿಸಲಾಯಿತು. ಆ ಅಂಕಿಗಳನ್ನಷ್ಟೇ ನೆಚ್ಚಿಕೊಂಡರೆ, ವರ್ಷದ ಅರ್ಧ ಭಾಗ ಒಂದು ಆಡಳಿತದಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಬಾಳಿದ ಈ ಹೆಂಗಸರು ಕಣ್ಣಿಗೆ ಬೀಳುವುದೇ ಇಲ್ಲ. ಕಾಫಿಯ ಇತಿಹಾಸ ಬರೆಯುವವರು ಗಮನಿಸಲೇಬೇಕಾದ ಕೊರತೆ ಇದು.

ಕುಯ್ಲು ಒರಟು ಕೆಲಸವಲ್ಲ. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಗಿಡದ ರೆಕ್ಕೆ (ಕೊಂಬೆ) ಬಗ್ಗಿಸಿ, ಕೆಂಪು ಹಣ್ಣನ್ನಷ್ಟೇ ಬಿಡಿಸಬೇಕು. ಗಿಣ್ಣು ಕಿತ್ತುಬಂದರೆ ಮುಂದಿನ ವರ್ಷದ ಹೂವಿಗೆ ಪೆಟ್ಟು. ಅರೇಬಿಕಾ ಸಾಮಾನ್ಯವಾಗಿ ನವೆಂಬರಿನಿಂದ ಜನವರಿ, ರೊಬಸ್ಟಾ ಅದರ ಬೆನ್ನಿಗೆ. ಸಂಜೆ ಕಾಯಿ ಆರಿಸಿ ತೆಗೆದು ಹಣ್ಣನ್ನು ಅಳೆಯಬೇಕು, ತಡಮಾಡದೆ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಬೇಕು.

1940ರಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಅದೇ ವರ್ಷದ ಸುಗ್ರೀವಾಜ್ಞೆ, 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆಗಳಿಂದ ಬೆಳೆಗಾರರು ಕಾಫಿಯನ್ನು ಪೂಲ್‌ಗೆ, ಅಂದರೆ ಸಾಮೂಹಿಕ ದಾಸ್ತಾನಿಗೆ, ಒಪ್ಪಿಸುವ ವ್ಯವಸ್ಥೆ ಬಂತು. ಕಾಫಿ ಬೋರ್ಡ್ ಬೆಳೆದದ್ದು ಹೀಗೆ. ಈ ತಿರುವನ್ನು ಕಾಫಿಯ ಪುಸ್ತಕಗಳು ಹೇಳುತ್ತವೆ. ಆದರೆ ಪೂಲ್ ಕಾಪಾಡಿದ್ದು ಬೆಳೆಯ ದರವನ್ನು, ಆಳಿನ ಕೂಲಿಯನ್ನಲ್ಲ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು. ಜಾವಾ ಬಿದ್ದು ಕ್ವಿನೈನ್‌ಗೆ ತತ್ವಾರವಾಯಿತು. ಮಲೇರಿಯಾದ ಸೀಮೆಯಲ್ಲಿ, ಗಂಡಾಳಿಗಿಂತ ಕಡಿಮೆ ಕೂಲಿಗೆ ದುಡಿಯುವ ಹೆಂಗಸಿಗೆ ಯುದ್ಧದ ಬಿಸಿ ತಟ್ಟಿದ್ದು ಅನ್ನ ಮತ್ತು ಔಷಧಿಗಳಲ್ಲೇ.

ಯುದ್ಧ ಮುಗಿದ ಮೇಲೆ, ಸರ್ಕಾರಿ ಅಧಿಕಾರಿ ಡಿ.ವಿ. ರೇಗೆ ಅವರ ತೋಟ ಕಾರ್ಮಿಕರ ವಿಚಾರಣಾ ವರದಿ 1946ರಲ್ಲಿ ಪ್ರಕಟವಾಯಿತು. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲಿ ಕಾಫಿ ತೋಟವೂ ಸೇರಿತು. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ರಾತ್ರಿ 7ರಿಂದ ಬೆಳಿಗ್ಗೆ 6ರವರೆಗೆ ಅವರ ದುಡಿಮೆಗೆ ಮಿತಿ ಹಾಕಿತು. ಸಣ್ಣ ತೋಟಗಳು ಅದರ ವ್ಯಾಪ್ತಿಯ ಹೊರಗೇ ಉಳಿದವು. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ. ಈಚಿನ ವರ್ಷಗಳಲ್ಲಿ ಘಟ್ಟದ ಕೆಳಗಿನಿಂದ ಬರುವವರು ಕಡಿಮೆಯಾಗಿ, ಅಸ್ಸಾಮಿನ ಕುಟುಂಬಗಳು ಕುಯ್ಲಿಗೆ ಬರುತ್ತಿವೆ.