ವಾಷಿಂಗ್ಟನ್ನರ ಗಂಟಲು ನೋವು



ಗಂಟಲು ನೋವೆಂದರೆ ನಮ್ಮ ಮನೆಗಳಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಉಪ್ಪು ಬೆರೆಸಿದ ಬಿಸಿನೀರನ್ನು ಮುಕ್ಕಳಿಸುವುದು, ಶುಂಠಿ-ಕರಿಮೆಣಸಿನ ಕಷಾಯ ಕುಡಿಯುವುದು, ಮೂರು ದಿನ ಕಾಯುವುದು... ಬಹುಪಾಲು ಗಂಟಲು ನೋವುಗಳು ವೈರಸ್ಸಿನಿಂದ ಬರುವಂಥವು, ತಾವಾಗಿಯೇ ವಾಸಿಯಾಗುತ್ತವೆ. ಕೀರ್ತಿ ಮಾತ್ರ ಕಷಾಯಕ್ಕೆ ಸಲ್ಲುತ್ತದೆ! ಆದರೆ ಗಂಟಲು ನೋವೆಂದು ಆರಂಭವಾದ ಕಾಯಿಲೆಯೊಂದು ಅಮೆರಿಕದ ಮೊದಲ ಅಧ್ಯಕ್ಷರನ್ನು ಎರಡೇ ದಿನಗಳಲ್ಲಿ ಬಲಿ ತೆಗೆದುಕೊಂಡಿತು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠವನ್ನು ನನ್ನಿಂದ ಕೇಳಿದವರಿಗೆ ಜಾರ್ಜ್ ವಾಷಿಂಗ್ಟನ್ನರ ಯುದ್ಧಗಳು ನೆನಪಿರಬಹುದು. ಅವರ ಕೊನೆಯ ದಿನದ ಕಥೆಗೆ ಆಗ ಪೀರಿಯಡ್ಡಿನಲ್ಲಿ ಸಮಯ ಸಿಗುತ್ತಿರಲಿಲ್ಲ.

1799ರ ಡಿಸೆಂಬರ್ 12. ಅಧ್ಯಕ್ಷ ಪದವಿಯಿಂದ ನಿವೃತ್ತರಾಗಿ ವರ್ಜೀನಿಯಾದ ಮೌಂಟ್ ವರ್ನನ್ ಎಂಬ ತಮ್ಮ ಎಸ್ಟೇಟಿನಲ್ಲಿದ್ದ 67 ವರ್ಷದ ವಾಷಿಂಗ್ಟನ್ನರು ಎಂದಿನಂತೆ ಕುದುರೆಯೇರಿ ಜಮೀನು ನೋಡಲು ಹೊರಟರು. ಹಿಮ, ಆಲಿಕಲ್ಲು, ಮಳೆ ಒಂದಾದ ಮೇಲೊಂದು ಸುರಿದರೂ ಐದು ಗಂಟೆಗಳ ಕಾಲ ಹೊರಗೇ ಇದ್ದರು. ಮರಳಿದಾಗ ಊಟ ಸಿದ್ಧವಾಗಿತ್ತು. ತಲೆಗೂದಲಲ್ಲಿ ಹಿಮ ಅಂಟಿದ್ದರೂ ಬಟ್ಟೆ ಬದಲಿಸದೆ ಊಟಕ್ಕೆ ಕುಳಿತರು. ಮರುದಿನ ಗಂಟಲು ನೋವು. ಆದರೂ ಕಡಿಯಬೇಕಾದ ಮರಗಳಿಗೆ ಗುರುತು ಹಾಕಲು ಮತ್ತೆ ಹಿಮದಲ್ಲಿ ಹೋದರು. ರಾತ್ರಿ ಸ್ವರ ಒಡೆದಿತ್ತು. ಏನಾದರೂ ಔಷಧ ತೆಗೆದುಕೊಳ್ಳಿರೆಂದು ಕಾರ್ಯದರ್ಶಿ ಟೋಬಿಯಾಸ್ ಲಿಯರ್ ಹೇಳಿದರೆ, ನೆಗಡಿಗೆಲ್ಲ ತಾವು ಔಷಧ ತೆಗೆದುಕೊಳ್ಳುವವರಲ್ಲವೆಂದು ನಿರಾಕರಿಸಿದರು. ಈ ಲಿಯರ್ ಎಲ್ಲವನ್ನೂ ಬರೆದಿಟ್ಟಿದ್ದರಿಂದಲೇ ನಮಗೆ ಇಷ್ಟು ವಿವರ ದೊರೆತಿದೆ.

14ರಂದು ನಸುಕಿನ ಎರಡು-ಮೂರು ಗಂಟೆಯ ವೇಳೆಗೆ ಉಸಿರಾಟವೇ ಕಷ್ಟವಾಯಿತು. ಪತ್ನಿ ಮಾರ್ಥಾ ಏಳಹೋದಾಗ, ಚಳಿಗೆ ಅವರಿಗೂ ಕಾಯಿಲೆಯಾದೀತೆಂದು ತಡೆದರು! ಬೆಳಗಾಗಿ, ಮನೆಯ ಗುಲಾಮ ದಾಸಿ ಕ್ಯಾರೋಲಿನ್ ಬೆಂಕಿ ಹಚ್ಚಲು ಬರುವವರೆಗೂ ಯಾರನ್ನೂ ಕರೆಯಲಿಲ್ಲ. ವೈದ್ಯರು ಬರುವ ಮೊದಲೇ ಎಸ್ಟೇಟಿನ ಮೇಲ್ವಿಚಾರಕನಿಂದ ತೋಳಿನ ರಕ್ತ ತೆಗೆಸಿದರು. ಅದು ಅವರದೇ ಅಪೇಕ್ಷೆ. ಸಾಕು ಎಂದು ಮಾರ್ಥಾ ಬೇಡಿಕೊಂಡರೂ ಇನ್ನಷ್ಟು ತೆಗೆ ಎಂದರಂತೆ. ಕಾಕಂಬಿ, ವಿನೆಗರ್ ಮತ್ತು ಬೆಣ್ಣೆ ಕಲಸಿ ಕೊಟ್ಟರೆ ನುಂಗಲಾಗದೆ ಉಸಿರು ಕಟ್ಟುವಂತಾಯಿತು.

ದಿನವಿಡೀ ಮೂವರು ವೈದ್ಯರು ಒಬ್ಬೊಬ್ಬರಾಗಿ ಬಂದರು. ಹಳೆಯ ಗೆಳೆಯ ಜೇಮ್ಸ್ ಕ್ರೇಕ್, ಗುಸ್ಟಾವಸ್ ಬ್ರೌನ್, ಮತ್ತು 37ರ ಹರೆಯದ ಎಲೈಶಾ ಡಿಕ್. ಬೊಬ್ಬೆ ಏಳಿಸುವ ಒಂದು ಜಾತಿಯ ಜೀರುಂಡೆಯ ಪುಡಿಯನ್ನು ಗಂಟಲ ಮೇಲೆ ಹಚ್ಚಿದರು. ಪಾದರಸದ ಲವಣವಾದ ಕ್ಯಾಲೊಮೆಲ್ ಕೊಟ್ಟರು, ಎನಿಮಾ ಕೊಟ್ಟರು. ಮತ್ತೆ ಮತ್ತೆ ರಕ್ತ ತೆಗೆದರು. ನಾಲ್ಕು ಬಾರಿ ಸೇರಿ ಸುಮಾರು 80 ಔನ್ಸ್, ಅಂದರೆ ಎರಡು ಲೀಟರಿಗೂ ಹೆಚ್ಚು ಎಂದು ಅಂದಾಜು. ದೇಹದ ರಕ್ತದಲ್ಲಿ ಸುಮಾರು ಮೂರನೇ ಒಂದು ಭಾಗ!

ಇವರನ್ನು ಮೂರ್ಖರೆಂದು ನಗುವುದು ಸುಲಭ. ನಾನು ಹಾಗೆ ನಗಲಾರೆ. ಗ್ರೀಕರ ಕಾಲದಿಂದ ಬಂದ ನಾಲ್ಕು ದೇಹರಸಗಳ ಸಿದ್ಧಾಂತ (ನಮ್ಮ ವಾತ-ಪಿತ್ತ-ಕಫಗಳ ದೂರದ ಬಂಧುವೆನ್ನಿ) ಎರಡು ಸಾವಿರ ವರ್ಷ ಯೂರೋಪನ್ನು ಆಳಿತ್ತು. ಉರಿಯೂತವೆಂದರೆ ರಕ್ತ ಹೆಚ್ಚಾಗಿದೆ, ಹೊರಹಾಕಬೇಕು ಎಂಬುದು ಆಗಿನ ಶಾಸ್ತ್ರ. ರೋಗಾಣು ಎಂಬ ಕಲ್ಪನೆಯೇ ವೈದ್ಯರ ಮನಸ್ಸಿನಲ್ಲಿ ನೆಲೆಯೂರಿರಲಿಲ್ಲ. ಆದರೂ ಡಿಕ್ ಇನ್ನು ರಕ್ತ ತೆಗೆಯುವುದು ಬೇಡವೆಂದರು. ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ ಉಸಿರಿಗೆ ದಾರಿ ಕೊಡೋಣವೆಂದರು. ಹಿರಿಯರಿಬ್ಬರೂ ಒಪ್ಪಲಿಲ್ಲ. ಅಂದು ರಾತ್ರಿ ಹತ್ತು ಗಂಟೆಯ ನಂತರ ವಾಷಿಂಗ್ಟನ್ನರು ತೀರಿಕೊಂಡರು. ಕೆಲವೇ ವಾರಗಳ ನಂತರ ಬ್ರೌನರು ಕ್ರೇಕರಿಗೆ ಪತ್ರ ಬರೆದು, ಡಿಕ್ ಹೇಳಿದ್ದೇ ಸರಿ, ಮತ್ತೆ ರಕ್ತ ತೆಗೆಯದಿದ್ದರೆ ನಮ್ಮ ಗೆಳೆಯ ಬದುಕಿರುತ್ತಿದ್ದನೇನೋ ಎಂದು ಒಪ್ಪಿಕೊಂಡರು. ಅಂಥ ಪತ್ರ ಬರೆಯಲು ದೊಡ್ಡ ಮನಸ್ಸು ಬೇಕು.

ಇದಕ್ಕಿಂತ ವಿಚಿತ್ರವಾದ ಒಂದು ಕಾಕತಾಳೀಯವಿದೆ. ರಕ್ತ ತೆಗೆಯುವ ಚಿಕಿತ್ಸೆಯ ಮಹಾ ಪ್ರತಿಪಾದಕರು ಫಿಲಡೆಲ್ಫಿಯಾದ ಬೆಂಜಮಿನ್ ರಶ್. ಆ ಚಿಕಿತ್ಸೆ ಜನರನ್ನು ಕೊಲ್ಲುತ್ತದೆಂದು ಪತ್ರಕರ್ತ ವಿಲಿಯಂ ಕಾಬೆಟ್ ಬರೆದಿದ್ದ. ರಶ್ ಮಾನನಷ್ಟ ಮೊಕದ್ದಮೆ ಹೂಡಿದರು. ಕಾಬೆಟ್ 5000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಬಂದದ್ದು 1799ರ ಡಿಸೆಂಬರ್ 14ರಂದು, ವಾಷಿಂಗ್ಟನ್ನರು ಸತ್ತ ದಿನವೇ!

ಈ ಪದ್ಧತಿಗೆ ನಿಜವಾದ ಪೆಟ್ಟು ಬಿದ್ದದ್ದು 1830ರ ದಶಕದಲ್ಲಿ. ಪ್ಯಾರಿಸ್ಸಿನ ವೈದ್ಯ ಪಿಯರ್ ಲೂಯಿ ರೋಗಿಗಳನ್ನು ಎಣಿಸಿ, ಪಟ್ಟಿ ಮಾಡಿ, ರಕ್ತ ತೆಗೆಯುವುದರಿಂದ ನಂಬಿದಷ್ಟು ಲಾಭವಿಲ್ಲವೆಂದು ತೋರಿಸಿದರು. ಗಣಿತ ಯಾತಕ್ಕೆ ಸಾರ್ ಎಂದು ಕೇಳುತ್ತಿದ್ದವರು ಗಮನಿಸಬೇಕು.

ವಾಷಿಂಗ್ಟನ್ನರಿಗೆ ಬಂದದ್ದು ಎಪಿಗ್ಲಾಟಿಸ್ಸಿನ ಉರಿಯೂತವಿರಬೇಕೆಂದು ಇಂದಿನ ಅನೇಕ ವೈದ್ಯರ ಅಭಿಪ್ರಾಯ. ಎಪಿಗ್ಲಾಟಿಸ್ ಎಂದರೆ ನಾವು ನುಂಗುವಾಗ ಶ್ವಾಸನಾಳದ ಬಾಯಿಯನ್ನು ಮುಚ್ಚುವ ಪುಟ್ಟ ಮುಚ್ಚಳ. ಅದು ಊದಿಕೊಂಡರೆ ಉಸಿರಿನ ಹಾದಿಯೇ ಮುಚ್ಚಿಹೋಗುತ್ತದೆ. ಹಿಬ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಮುಖ್ಯ ಕಾರಣವಾಗಿತ್ತು. ಅದರ ಲಸಿಕೆ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2011ರಿಂದ ಹಂತಹಂತವಾಗಿ ಸೇರಿದ್ದು, ಮಕ್ಕಳಿಗೆ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿದೆ.

ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಮ್ಮ ವಯಸ್ಸಿನವರಿಗಾಗಿ ಇಷ್ಟು ಸೇರಿಸುತ್ತೇನೆ. ವೈರಸ್ಸಿನ ಗಂಟಲು ನೋವಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬಂದದ್ದಕ್ಕೆ ಅದು ಬೇಕೇ ಬೇಕು. ನಿರ್ಲಕ್ಷಿಸಿದರೆ ಸಂಧಿವಾತ ಜ್ವರ ಬಂದು ಹೃದಯದ ಕವಾಟಗಳೇ ಕೆಡಬಹುದು. ಯಾವುದು ಯಾವುದೆಂದು ವೈದ್ಯರು ಪರೀಕ್ಷಿಸಿ ಹೇಳಬೇಕು, ಔಷಧದಂಗಡಿಯವರಲ್ಲ. ಇನ್ನು ಗಂಟಲು ನೋವಿನ ಜೊತೆಗೆ ಉಸಿರಾಟ ಕಷ್ಟವಾದರೆ, ಎಂಜಲು ನುಂಗಲಾಗದೆ ಜೊಲ್ಲು ಸುರಿದರೆ, ಮಗುವನ್ನು ಮಲಗಿಸದೆ, ಚಮಚ ಹಾಕಿ ಗಂಟಲು ನೋಡದೆ, ಕೂರಿಸಿಕೊಂಡೇ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಉಸಿರಿನ ಹಾದಿಗೆ ಕೊಳವೆ ಹಾಕುತ್ತಾರೆ. ಅದು ಆಗದಿದ್ದರೆ, ಅಂದು ಡಿಕ್ ಹೇಳಿದಂತೆ ಶ್ವಾಸನಾಳಕ್ಕೆ ರಂಧ್ರ ಮಾಡುತ್ತಾರೆ.